ವಿಮಾನ ಕಟ್ಟಿದ ಬಡಗಿಗಳು: ಬ್ರಿಟನ್ನಿನ ಮೊದಲ ವಿಮಾನ ಕಾರ್ಖಾನೆಗಳ ಕಥೆ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಮಾನದ ಇತಿಹಾಸ ಅಂದ ಕೂಡಲೇ ನಮಗೆ ನೆನಪಾಗುವುದು ಹಾರಿದವರು. ಚರ್ಮದ ಕೋಟು ತೊಟ್ಟು, ದಪ್ಪ ಕನ್ನಡಕವನ್ನು ಹಣೆಗೇರಿಸಿ, ರೆಕ್ಕೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರು. ಆ ರೆಕ್ಕೆ ಮಾಡಿದ್ದು ಯಾರು? ಯಾವ ಶೆಡ್ಡಿನಲ್ಲಿ? ಮರ ಎಲ್ಲಿಂದ ಬಂತು, ದುಡ್ಡು ಯಾರು ಹಾಕಿದರು? ಇವತ್ತಿನ ಮಾತು ಅವರ ಬಗ್ಗೆ. ಜಾಗ ಬ್ರಿಟನ್. ಕಾಲ ಹೆಚ್ಚುಕಡಿಮೆ 1908ರಿಂದ 1932ರವರೆಗೆ.

ನಾನು ಏನು ಹೇಳಲು ಹೊರಟಿದ್ದೇನೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ವಿಮಾನ ಉದ್ಯಮ ಹುಟ್ಟಿದ್ದು ಬೇರೆಯವರ ಶೆಡ್ಡಿನಲ್ಲಿ, ಬೆಳೆದದ್ದು ಬೇರೆ ಕಸುಬಿನವರ ಕೈಯಲ್ಲಿ. ಮರಗೆಲಸ, ಹೊಲಿಗೆ ಕೆಲಸ ಬಲ್ಲವರು ಅಲ್ಲಿ ಬೇಕಾದಷ್ಟಿದ್ದರು. ಹಾಗಾಗಿ ರೆಕ್ಕೆ, ಒಡಲು ಬೇಗ ಬಂದವು. ಎಂಜಿನ್ ಮಾತ್ರ ಬೇಗ ಬರಲಿಲ್ಲ. ಆ ಕಾಲದ ಅರ್ಧ ಗೋಳು ಇದರಿಂದಲೇ ಹುಟ್ಟಿದ್ದು.

ಮ್ಯಾಂಚೆಸ್ಟರಿನಿಂದ ಶುರು ಮಾಡೋಣ. ಅಲ್ಲಿ ಗ್ರೇಟ್ ಆಂಕೋಟ್ಸ್ ಬೀದಿಯಲ್ಲಿ ಬ್ರೌನ್ಸ್‌ಫೀಲ್ಡ್ ಮಿಲ್ ಅಂತ ಒಂದು ಹಳೇ ಗಿರಣಿ. ಅದರೊಳಗೆ ಹಂಫ್ರಿ ರೋ ಎಂಬವರ ಕಂಪನಿ. ಅಲ್ಲಿ ತಯಾರಾಗುತ್ತಿದ್ದದ್ದು ಗಂಡಸರ ಪ್ಯಾಂಟು ಜಾರದಂತೆ ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ. ಆಗ ಎಲ್ಲರೂ ಅದನ್ನು ಹಾಕುತ್ತಿದ್ದರು, ವ್ಯಾಪಾರ ಚೆನ್ನಾಗಿತ್ತು. ಹಂಫ್ರಿಗೆ ಒಬ್ಬ ಸಹೋದರ, ಆಲಿಯಟ್ ವರ್ಡನ್ ರೋ. ಈತನಿಗೆ ವಿಮಾನದ ಹುಚ್ಚು. ಕೈಯಲ್ಲಿ ಕಾಸಿಲ್ಲ. 1909ರಲ್ಲಿ ಲಂಡನ್ನಿನ ವಾಲ್ಥಮ್‌ಸ್ಟೋ ಜೌಗು ಬಯಲಿನ ರೈಲ್ವೆ ಕಮಾನಿನಡಿ ಜಾಗ ಹಿಡಿದು ಮೂರು ಅಂತಸ್ತಿನ ರೆಕ್ಕೆಯ ವಿಮಾನ ಕಟ್ಟಿದ. ಎಂಜಿನ್ ಮೋಟರ್‌ಸೈಕಲ್ಲಿಗೆ ಹಾಕುವಂಥದ್ದು, ಜೆಎಪಿ ಕಂಪನಿಯದು, 9 ಅಶ್ವಶಕ್ತಿ. ಇವತ್ತು ನಮ್ಮ ಬೀದಿಯಲ್ಲಿ ಓಡುವ ಸಾಧಾರಣ ಬೈಕಿಗೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ರೆಕ್ಕೆಗೆ ಲಿನನ್ ಬಟ್ಟೆ ಕೊಳ್ಳಲು ದುಡ್ಡಿರಲಿಲ್ಲ. ಕಾಗದ ಅಂಟಿಸಿದ. ಹೌದು, ಕಾಗದವೇ. ಜುಲೈ 13ರಂದು ಅದು ಸುಮಾರು 100 ಅಡಿ ಹಾರಿತು. ಬ್ರಿಟಿಷನೊಬ್ಬ ಬ್ರಿಟಿಷ್ ಎಂಜಿನ್ ಹಾಕಿ, ಪೂರ್ತಿ ಬ್ರಿಟಿಷ್ ವಿಮಾನವನ್ನು ಅಲ್ಲಿ ಹಾರಿಸಿದ್ದು ಅದೇ ಮೊದಲು. ಬಯಲಿನ ಅಧಿಕಾರಿಗಳಿಗೆ ಇದರಿಂದೇನೂ ಖುಷಿಯಾಗಲಿಲ್ಲ, ಕೇಸು ಹಾಕುತ್ತೇವೆ ಅಂತ ಹೆದರಿಸಿದರು.

1910ರ ಜನವರಿ 1ಕ್ಕೆ ಅಣ್ಣತಮ್ಮ ಸೇರಿ ಅದೇ ಪಟ್ಟಿ ಗಿರಣಿಯ ಜಾಗದಲ್ಲಿ ಕಂಪನಿ ಶುರು ಮಾಡಿದರು. ಅದೇ ಆವ್ರೊ. ಹಂಫ್ರಿಯ ಬಗ್ಗೆ ಇನ್ನೊಂದು ಮಾತು, ವಿಷಯಕ್ಕೆ ಸಂಬಂಧವಿಲ್ಲ, ಆದರೂ ಹೇಳದೆ ಇರಲಾರೆ. ಈತ ಆಮೇಲೆ ಮೇರಿ ಸ್ಟೋಪ್ಸ್ ಅವರನ್ನು ಮದುವೆಯಾದ. 1921ರಲ್ಲಿ ಲಂಡನ್ನಿನಲ್ಲಿ ಆಕೆ ತೆರೆದ ಸಂತಾನ ನಿಯಂತ್ರಣ ಕ್ಲಿನಿಕ್ಕಿಗೂ ಬೆನ್ನಿಗೆ ನಿಂತ. ಒಬ್ಬ ಪಟ್ಟಿ ವ್ಯಾಪಾರಿಯ ದುಡ್ಡು ಎಲ್ಲೆಲ್ಲಿಗೆ ಹೋಯಿತು ನೋಡಿ.

ಆವ್ರೊಗಿಂತ ಮೊದಲೇ ಅಂಗಡಿ ಇಟ್ಟವರು ಶಾರ್ಟ್ ಸೋದರರು. ಹೊರೇಸ್, ಯೂಸ್ಟೇಸ್, ಆಸ್ವಾಲ್ಡ್. ಇವರ ಕಸುಬು ಬಲೂನು ಹೊಲಿಯುವುದು. ಬ್ಯಾಟರ್‌ಸೀಯ ರೈಲ್ವೆ ಕಮಾನುಗಳ ಕೆಳಗೆ ಕಾರ್ಖಾನೆ, ಪಕ್ಕದಲ್ಲೇ ಗ್ಯಾಸ್ ತಯಾರಿಸುವ ಘಟಕ. ಬಲೂನು ಹೊಲಿದ ಮೇಲೆ ತುಂಬಿಸಲು ಗ್ಯಾಸು ಹುಡುಕಿಕೊಂಡು ಹೋಗಬೇಕಿಲ್ಲ. 1908ರಲ್ಲಿ ವಿಲ್ಬರ್ ರೈಟ್ ಫ್ರಾನ್ಸಿಗೆ ಬಂದು ಹಾರಿ ತೋರಿಸಿದ್ದೇ ತಡ, ಬಲೂನಿನ ಕಾಲ ಮುಗಿಯಿತು ಅಂತ ಇವರಿಗೆ ಅರ್ಥವಾಯಿತು. ಮೂವರೂ ತಲಾ 200 ಪೌಂಡ್ ಹಾಕಿ ಆ ವರ್ಷವೇ ವಿಮಾನ ಕಂಪನಿ ಮಾಡಿದರು. ರೈಟ್ ಸೋದರರಿಂದ ಆರು ವಿಮಾನ ಕಟ್ಟಿಕೊಡುವ ಗುತ್ತಿಗೆ ಸಿಕ್ಕಿತು. ಒಂದೇ ಮಾದರಿಯ ವಿಮಾನಗಳನ್ನು ಸಾಲಾಗಿ ತಯಾರಿಸುವ ಕೆಲಸ ಜಗತ್ತಿನಲ್ಲಿ ಶುರುವಾದದ್ದು ಹೀಗೆ ಅಂತ ಹೇಳುತ್ತಾರೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಕಾರ್ಖಾನೆಯಲ್ಲಿ ಕಟ್ಟಲು ಬಳಸುವಂಥ ಡ್ರಾಯಿಂಗ್ ರೈಟ್‌ಗಳ ಹತ್ತಿರ ಇರಲಿಲ್ಲ. ಹೊರೇಸ್ ಫ್ರಾನ್ಸಿಗೆ ಹೋಗಿ, ನಿಂತಿದ್ದ ವಿಮಾನವನ್ನು ಭಾಗಭಾಗವಾಗಿ ಅಳತೆ ಮಾಡಿ, ತಾನೇ ಡ್ರಾಯಿಂಗ್ ಬರೆದುಕೊಂಡು ಬಂದ. ಹಾರಿಸಿದವರ ಹೆಸರು ಎಲ್ಲರಿಗೂ ಗೊತ್ತು. ಟೇಪು ಹಿಡಿದು ಅಳೆದವನ ಹೆಸರು ಎಷ್ಟು ಜನರಿಗೆ ಗೊತ್ತು? ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ, ಡ್ರಾಯಿಂಗ್ ಕೈಗೆ ಬರುವವರೆಗೆ ಏನೂ ಶುರುವಾಗುವುದಿಲ್ಲ. ಈ ಡ್ರಾಯಿಂಗ್ ವಿಷಯಕ್ಕೆ ಆಮೇಲೆ ಮತ್ತೆ ಬರುತ್ತೇನೆ.

ಶಾರ್ಟ್‌ಗಳ ವಿಮಾನಗಳು ಹಾರುತ್ತಿದ್ದದ್ದು ಶೆಪ್ಪಿ ದ್ವೀಪದ ಲೇಸ್‌ಡೌನಿನಲ್ಲಿ. 1909ರ ನವೆಂಬರಿನಲ್ಲಿ ಮೂರ್-ಬ್ರಬಝನ್ ಎಂಬ ಪೈಲಟ್ ಅಲ್ಲಿ ಒಂದು ಹಂದಿ ಮರಿಯನ್ನು ಬುಟ್ಟಿಯಲ್ಲಿ ಕೂರಿಸಿ, ಬುಟ್ಟಿಯನ್ನು ರೆಕ್ಕೆಯ ಕಂಬಕ್ಕೆ ಕಟ್ಟಿಕೊಂಡು ಹಾರಿದ. ಆಗದ ಮಾತಿಗೆ ಇಂಗ್ಲಿಷರು "ಹಂದಿ ಹಾರಿದಾಗ" ಅನ್ನುತ್ತಾರಲ್ಲ, ಅದಕ್ಕೇ ಈ ತಮಾಷೆ. ಅದಕ್ಕಿಂತ ಕೆಲವೇ ದಿನ ಮೊದಲು ಇದೇ ಮನುಷ್ಯ ಶಾರ್ಟ್ ವಿಮಾನದಲ್ಲಿ ಒಂದು ಮೈಲಿ ಸುತ್ತು ಹಾರಿ 1,000 ಪೌಂಡ್ ಬಹುಮಾನ ಗೆದ್ದಿದ್ದ.

ಬ್ರಿಸ್ಟಲ್‌ನದು ಪೂರ್ತಿ ಬೇರೆ ಕಥೆ. ಅಲ್ಲಿ ಹುಚ್ಚೂ ಇಲ್ಲ, ಬಡತನವೂ ಇಲ್ಲ. ಸರ್ ಜಾರ್ಜ್ ವೈಟ್ ಊರಿನ ಟ್ರ್ಯಾಮ್ ಕಂಪನಿಯ ಯಜಮಾನ. ಲೆಕ್ಕ ಬಲ್ಲ ಮನುಷ್ಯ. 1910ರ ಫೆಬ್ರವರಿಯಲ್ಲಿ ಕಂಪನಿ ನೋಂದಾಯಿಸಿ, ಫಿಲ್ಟನ್‌ನಲ್ಲಿದ್ದ ಟ್ರ್ಯಾಮ್ ಕಂಪನಿಯ ಶೆಡ್ಡುಗಳಲ್ಲೇ ವಿಮಾನ ಕಟ್ಟಿಸಲು ಶುರು ಮಾಡಿದ. ಟ್ರ್ಯಾಮ್, ಬಸ್ಸುಗಳ ಬಾಡಿ ಕಟ್ಟುವ ಬಡಗಿಗಳು ಹೇಗೂ ಕೈಯಲ್ಲೇ ಇದ್ದರು. ಅವರು ಕಟ್ಟಿದ ಬಾಕ್ಸ್‌ಕೈಟ್ ಸ್ವಂತ ವಿನ್ಯಾಸವೇನಲ್ಲ, ಫ್ರಾನ್ಸಿನ ಫಾರ್ಮನ್ ವಿಮಾನದ ನಕಲು. ಆದರೆ ಕೆಲಸ ಅಚ್ಚುಕಟ್ಟು. 70ಕ್ಕೂ ಹೆಚ್ಚು ವಿಮಾನ ಕಟ್ಟಿದರು. ಆ ಕಾಲಕ್ಕೆ ಅದು ದೊಡ್ಡ ಸಂಖ್ಯೆ.

ವ್ಯಾಪಾರಿ ಅಂದ ಮೇಲೆ ಗಿರಾಕಿ ಹುಡುಕಬೇಕು. 1910ರ ಕೊನೆಗೆ ಕಂಪನಿ ತನ್ನ ವಿಮಾನಗಳನ್ನು ಹಡಗಿಗೆ ಹಾಕಿ ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಕಳಿಸಿತು. ಕಲ್ಕತ್ತೆಯಲ್ಲಿ ಪ್ರದರ್ಶನ ಆಯಿತು. ಮುಂದಿನ ಜನವರಿಯಲ್ಲಿ ದಖ್ಖನಿನಲ್ಲಿ, ಔರಂಗಾಬಾದಿನ ಹತ್ತಿರ ನಡೆದ ಸೇನೆಯ ಕವಾಯತಿನಲ್ಲಿ ಬಾಕ್ಸ್‌ಕೈಟ್ ಭಾಗವಹಿಸಿತು. ಹಾರಿಸಿದ್ದು ಜುಲ್ಲರೊ ಎಂಬ ಫ್ರೆಂಚ್ ಪೈಲಟ್. ಪಕ್ಕದಲ್ಲಿ ಕೂತು ಶತ್ರುಪಾಳಯ ನೋಡಿ ವರದಿ ಮಾಡಿದ್ದು ಸೆಫ್ಟನ್ ಬ್ರ್ಯಾಂಕರ್ ಎಂಬ ಕ್ಯಾಪ್ಟನ್. ಅಂದರೆ ನಮ್ಮ ಗುಲ್ಬರ್ಗ, ರಾಯಚೂರು ಸೇರಿದ್ದ ಅದೇ ನಿಜಾಮನ ಸೀಮೆಯ ಮೇಲೆ 1911ರಲ್ಲೇ ಸೇನೆಯ ಕೆಲಸಕ್ಕೆ ವಿಮಾನ ಹಾರಿತ್ತು.

ಇನ್ನು ಸರ್ಕಾರ ಏನು ಮಾಡುತ್ತಿತ್ತು? 1908ರ ಅಕ್ಟೋಬರ್ 16ರಂದು ಫಾರ್ನ್‌ಬರೊದಲ್ಲಿ ಸ್ಯಾಮ್ಯುಯೆಲ್ ಕೋಡಿ ಸೇನೆಯ ವಿಮಾನ ಹಾರಿಸಿದ. ಬ್ರಿಟನ್ನಿನ ನೆಲದ ಮೇಲೆ ನಡೆದ ಮೊದಲ ಎಂಜಿನ್ ಹಾರಾಟ ಅಂತ ಒಪ್ಪಿಕೊಂಡಿರುವುದು ಇದನ್ನೇ. ಹಾರಿಸಿದವನು ಅಮೆರಿಕದಲ್ಲಿ ಹುಟ್ಟಿದ, ಕೌಬಾಯ್ ವೇಷದ ನಾಟಕ ಆಡಿಕೊಂಡಿದ್ದ ಮನುಷ್ಯ! ಆರು ತಿಂಗಳಲ್ಲಿ ಸರ್ಕಾರದ ಸಮಿತಿ ಕೂತು, ವಿಮಾನಕ್ಕೆ ಇದುವರೆಗೆ ಖರ್ಚಾದ 2,500 ಪೌಂಡೇ ಜಾಸ್ತಿ ಅಂತ ತೀರ್ಮಾನಿಸಿ ಕೆಲಸ ನಿಲ್ಲಿಸಿಬಿಟ್ಟಿತು. ಕೋಡಿಯ ಕೈಗೆ ಅವನ ವಿಮಾನ ಕೊಟ್ಟು ಕಳಿಸಿದರು. 1912ರಲ್ಲಿ ಸೇನೆಯೇ ನಡೆಸಿದ ಸ್ಪರ್ಧೆಯಲ್ಲಿ ಅದೇ ಕೋಡಿ ಮೊದಲ ಬಹುಮಾನ ಗೆದ್ದ. ಸರ್ಕಾರಗಳು ಎಲ್ಲ ಕಡೆ ಒಂದೇ, ಅಲ್ವಾ?

ಅಷ್ಟರಲ್ಲಿ ಫಾರ್ನ್‌ಬರೊದಲ್ಲಿ ಸರ್ಕಾರಿ ಕಾರ್ಖಾನೆ ತಲೆಯೆತ್ತಿತ್ತು. ಅಲ್ಲಿ ಜೆಫ್ರಿ ಡಿ ಹ್ಯಾವಿಲೆಂಡ್ ಅನ್ನುವ ಯುವಕ ಬಿಇ-2 ಎಂಬ ವಿಮಾನ ರೂಪಿಸಿದ. ಅದರ ಬಿಇ-2ಸಿ ರೂಪ ಎಷ್ಟು ಸ್ಥಿರವೆಂದರೆ ಪೈಲಟ್ ಕೈಬಿಟ್ಟರೂ ನೆಟ್ಟಗೆ ಹಾರುತ್ತಿತ್ತು. ಮೇಲಿಂದ ನೋಡಿ ನಕ್ಷೆ ಬರೆಯುವುದಕ್ಕೆ ಸೊಗಸು. ಆದರೆ 1915ರಲ್ಲಿ ಜರ್ಮನರ ಫೋಕರ್ ಬಂತು. ಪ್ರೊಪೆಲ್ಲರಿನ ಮಧ್ಯದಿಂದಲೇ ಗುಂಡು ಹಾರಿಸುವ ವಿಮಾನ ಅದು. ಬಿಇ-2ಸಿ ಚಕ್ಕನೆ ತಿರುಗಿ ತಪ್ಪಿಸಿಕೊಳ್ಳಲಾರದು. ಬಂದೂಕು ಹಿಡಿಯಬೇಕಾದವನು ಮುಂದಿನ ಸೀಟಿನಲ್ಲಿ, ತಂತಿ ಕಂಬಗಳ ನಡುವೆ ಸಿಕ್ಕಿಕೊಂಡಿದ್ದ. ಹುಡುಗರು ಸಾಲುಸಾಲಾಗಿ ಸತ್ತರು. ಪೆಂಬರ್ಟನ್ ಬಿಲ್ಲಿಂಗ್ ಎಂಬ ಸಂಸದ ಪಾರ್ಲಿಮೆಂಟಿನಲ್ಲಿ ಎದ್ದು ಇದು ಯುದ್ಧದ ಸಾವಲ್ಲ, ಕೊಲೆ ಅಂದ. ವಿಚಾರಣಾ ಸಮಿತಿ ಕೂತಿತು. ಅದರ ಅಧ್ಯಕ್ಷ ಯಾರು ಗೊತ್ತಾ? ಲಂಡನ್ನಿನ ಹ್ಯಾರಡ್ಸ್ ಅಂಗಡಿಯ ಮುಖ್ಯಸ್ಥ ರಿಚರ್ಡ್ ಬರ್ಬಿಜ್!

ಸರ್ಕಾರಿ ಕಾರ್ಖಾನೆಯನ್ನು ಬಯ್ಯುವುದು ಆಗಲೂ ಸುಲಭವಿತ್ತು, ಈಗಲೂ ಸುಲಭ. ನಾನು ಸ್ವಲ್ಪ ಅವರ ಪರ ನಿಲ್ಲುತ್ತೇನೆ. ಡ್ರಾಯಿಂಗ್ ವಿಷಯ ಹೇಳುತ್ತೇನೆ ಅಂದಿದ್ದೆನಲ್ಲ, ಇಲ್ಲೇ ಅದು ಬರುವುದು. ಸಾಪ್‌ವಿತ್ ಕಂಪನಿ ಕಿಂಗ್‌ಸ್ಟನ್‌ನಲ್ಲಿ ಒಂದು ಸ್ಕೇಟಿಂಗ್ ಹಾಲ್ ಹಿಡಿದು ಶುರುವಾದದ್ದು. ನೆಲ ನುಣ್ಣಗೆ, ಸಮತಟ್ಟು. ಹಾಗಾಗಿ ಮೊದಮೊದಲು ವಿಮಾನದ ಚಿತ್ರವನ್ನು ನಿಜವಾದ ಅಳತೆಯಲ್ಲೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು, ಅದರ ಮೇಲೆ ಮರ ಇಟ್ಟು ಕತ್ತರಿಸುತ್ತಿದ್ದರು. ಹತ್ತು ವಿಮಾನ ಮಾಡುವಾಗ ಇದು ಬಲು ಚೆಂದ. ನೆಲವನ್ನು ಇನ್ನೊಂದು ಊರಿಗೆ ಕಳಿಸುವುದು ಹೇಗೆ? ಫಾರ್ನ್‌ಬರೊ ಪ್ರತಿ ಭಾಗಕ್ಕೂ ಪೂರ್ತಿ ಡ್ರಾಯಿಂಗ್ ತಯಾರಿಸಿ ಕೊಟ್ಟಿತು. ಅದನ್ನು ನೋಡಿಕೊಂಡು ವಿಮಾನವನ್ನೇ ಕಾಣದ ಕಂಪನಿ ಕೂಡ ಕೆಲಸ ಮಾಡಬಹುದಿತ್ತು. ಬಿಇ-2ರ ಎಲ್ಲ ಬಗೆ ಸೇರಿ ಸುಮಾರು 3,500 ವಿಮಾನ ಬಂದವು. ಬಹುಪಾಲು ಖಾಸಗಿ ಗುತ್ತಿಗೆದಾರರು ಕಟ್ಟಿದ್ದು. ವಿಮಾನ ಹಳತಾಗಿತ್ತು ನಿಜ. ಆದರೆ ಉದ್ಯಮಕ್ಕೆ ಒಟ್ಟೊಟ್ಟಿಗೆ ಕಟ್ಟುವುದನ್ನು ಕಲಿಸಿದ್ದು ಅದೇ.

ಯಾರ‍್ಯಾರು ಕಟ್ಟಿದರು ಅಂತ ನೋಡಿದರೆ ನಗು ಬರುತ್ತದೆ. ಲಿಂಕನ್ ಊರಿನ ರಸ್ಟನ್ ಪ್ರಾಕ್ಟರ್ ಹಬೆ ಎಂಜಿನ್ನು, ಒಕ್ಕಣೆ ಯಂತ್ರ ಮಾಡುವವರು. ಹೊಲದಲ್ಲಿ ಹುಲ್ಲು-ಕಾಳು ಬೇರ್ಪಡಿಸುವ ಯಂತ್ರದ ಕಂಪನಿ 1,500ಕ್ಕೂ ಹೆಚ್ಚು ಸಾಪ್‌ವಿತ್ ಕ್ಯಾಮೆಲ್ ಯುದ್ಧವಿಮಾನ ಕಟ್ಟಿತು. ಅವರ ಸಾವಿರದ ವಿಮಾನಕ್ಕೆ 1918ರ ಜನವರಿಯಲ್ಲಿ ಮೈತುಂಬಾ ಈಜಿಪ್ಟ್ ಶೈಲಿಯ ಬಣ್ಣದ ರೆಕ್ಕೆಗಳ ಚಿತ್ತಾರ ಬಿಡಿಸಿದರು. ನಮ್ಮಲ್ಲಿ ಆಯುಧಪೂಜೆ ದಿನ ಲಾರಿಗೆ ಅಲಂಕಾರ ಮಾಡುವವರಿಗೆ ಈ ಖುಷಿ ಅರ್ಥವಾಗುತ್ತದೆ. ನಾರಿಚ್ ಊರಿನ ಬೋಲ್ಟನ್ ಅಂಡ್ ಪಾಲ್ ಮರದ ಮನೆ, ತಂತಿ ಬಲೆ ಮಾಡುವ ಕಂಪನಿ. ಅವರದೂ 1,500ಕ್ಕೂ ಹೆಚ್ಚು ಕ್ಯಾಮೆಲ್. ಕ್ಯಾಮೆಲ್ ಒಟ್ಟು ಸುಮಾರು 5,490. ಸಾಪ್‌ವಿತ್ ಸ್ವತಃ ಕಟ್ಟಿದ್ದು ಅದರಲ್ಲಿ ಸಣ್ಣ ಪಾಲು.

ಒಂದು ರೆಕ್ಕೆ ಹೇಗೆ ತಯಾರಾಗುತ್ತಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಉದ್ದಕ್ಕೆ ಎರಡು ತೊಲೆ. ಸ್ಪ್ರೂಸ್ ಮರ. ಹಗುರ, ನೇರ ಎಳೆ, ಗಂಟು ಕಡಿಮೆ. ಇದು ಬರುತ್ತಿದ್ದದ್ದು ಅಮೆರಿಕ, ಕೆನಡಾಗಳ ಪೆಸಿಫಿಕ್ ಕರಾವಳಿಯ ಕಾಡುಗಳಿಂದ. 1917ರ ಹೊತ್ತಿಗೆ ಬೇಡಿಕೆ ಎಷ್ಟಾಯಿತೆಂದರೆ ಅಮೆರಿಕದ ಸೇನೆ ಮರ ಕಡಿಯುವುದಕ್ಕೇ ಒಂದು ದಳ ಮಾಡಿತು. ತೊಲೆಗಳಿಗೆ ಅಡ್ಡಲಾಗಿ ತೆಳು ಪಕ್ಕೆಲುಬುಗಳು. ಬಡಗಿ ತೊಲೆಯ ಮಧ್ಯವನ್ನು ಕೊರೆದು ತೂಕ ಇಳಿಸುತ್ತಿದ್ದ, ಜೋಡಣೆ ಬರುವ ಜಾಗದಲ್ಲಿ ಮಾತ್ರ ದಪ್ಪ ಬಿಡುತ್ತಿದ್ದ. ಒಳಗೆ ತಂತಿ ಎಳೆದು ಮೂಲೆಮಟ್ಟ ಸರಿ ಮಾಡುತ್ತಿದ್ದರು.

ಆಮೇಲೆ ಬಟ್ಟೆ. ಐರ್ಲೆಂಡಿನ ಲಿನನ್, ಅಗಸೆ ನಾರಿನದು. ರೆಕ್ಕೆಯ ಅಳತೆಗೆ ಚೀಲದ ಹಾಗೆ ಹೊಲಿದು ತೊಡಿಸಬೇಕು. ಇಲ್ಲಿಂದ ಹೆಂಗಸರ ಕೆಲಸ. ಮೇಣ ಹಚ್ಚಿದ ದಾರ, ಉದ್ದನೆಯ ಸೂಜಿ. ಮೇಲಿಂದ ಚುಚ್ಚಿ, ಪಕ್ಕೆಲುಬಿನ ಬದಿಯಿಂದ ಕೆಳಗೆ ತೆಗೆದು, ಇನ್ನೊಂದು ಬದಿಯಿಂದ ಮೇಲೆ ತಂದು ಗಂಟು. ಒಂದೊಂದು ಗಂಟೂ ಬೇರೆ ಬೇರೆ. ಒಂದು ಕಡಿದರೂ ಪಕ್ಕದ್ದು ಬಿಚ್ಚಬಾರದು. ಹೊಲಿಗೆಯ ಮೇಲೆ ಅಂಚು ಬಿಡಿಸಿದ ಪಟ್ಟಿ ಅಂಟಿಸಿ, ಕೊನೆಗೆ ಡೋಪ್ ಎಂಬ ದ್ರವ ಬಳಿಯುತ್ತಿದ್ದರು. ಒಣಗುತ್ತಾ ಹೋದಂತೆ ಬಟ್ಟೆ ಬಿಗಿದು, ಕಾಯಿಸಿದ ತಮಟೆಯ ಹಾಗೆ ಬೆರಳಿಗೆ ಸದ್ದು ಕೊಡುತ್ತಿತ್ತು. ಮತ್ತೆ ಒಂದು ಕೋಟು, ಮತ್ತೆ ಒಂದು.

ಆ ಡೋಪಿನಲ್ಲೇ ವಿಷವಿತ್ತು. ಡೋಪಿನ ಮುಖ್ಯ ವಸ್ತುವಾದ ಸೆಲ್ಯುಲೋಸ್ ಅಸಿಟೇಟನ್ನು ಕರಗಿಸಲು ಟೆಟ್ರಾಕ್ಲೋರೋಈಥೇನ್ ಹಾಕುತ್ತಿದ್ದರು. ಅದರ ಆವಿ ಗಾಳಿಗಿಂತ ಭಾರ. ಬಾಗಿಲು ಮುಚ್ಚಿದ, ಬಿಸಿ ಇಟ್ಟ ಕೋಣೆಯಲ್ಲಿ ದಿನವಿಡೀ ಬಗ್ಗಿ ಬಳಿಯುವವರ ಮೂಗಿಗೆ ಅದೇ. ಯಕೃತ್ತು ಕೆಟ್ಟು ಕಾಮಾಲೆ ಬಂತು. ಯುದ್ಧದ ಮೊದಲ ವರ್ಷಗಳಲ್ಲಿ ಹಲವರು ಸತ್ತರು. ಕಾರಣ ವೈದ್ಯರಿಗೆ ಬೇಗನೇ ಗೊತ್ತಾಯಿತು, ಆದರೆ ಆ ದ್ರವವನ್ನು ಪೂರ್ತಿ ಕೈಬಿಡಲು ಮತ್ತಷ್ಟು ಕಾಲ ಹಿಡಿಯಿತು. ವಿಮಾನ ಬೇಕಿತ್ತು, ಅಷ್ಟೇ. ಪೈಲಟ್‌ಗಳ ಸ್ಮಾರಕ ಊರೂರಲ್ಲಿದೆ. ಡೋಪ್ ಬಳಿದ ಹೆಣ್ಣುಮಕ್ಕಳ ಹೆಸರು ಕೆತ್ತಿದ ಕಲ್ಲು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇದೇ ಸೆಲ್ಯುಲೋಸ್ ಅಸಿಟೇಟಿಗೆ ಇನ್ನೊಂದು ಬಾಲ ಇದೆ. ಡರ್ಬಿ ಹತ್ತಿರದ ಸ್ಪಾಂಡನ್‌ನಲ್ಲಿ ಸ್ವಿಟ್ಜರ್ಲೆಂಡಿನ ಡ್ರೈಫಸ್ ಸೋದರರನ್ನು ಕರೆಸಿ ದೊಡ್ಡ ಕಾರ್ಖಾನೆ ಹಾಕಿಸಿದರು. ಯುದ್ಧ ಮುಗಿಯಿತು, ಡೋಪ್ ಯಾರಿಗೂ ಬೇಡ. ಅದೇ ವಸ್ತುವನ್ನು ಎಳೆ ತೆಗೆದು ಕೃತಕ ರೇಷ್ಮೆ ಮಾಡಿ ಮಾರಿದರು. ಸೆಲನೀಸ್ ಅಂತ ಹೆಸರು ಕೇಳಿರಬಹುದು, ಅದೇ.

ಈಗ ಎಂಜಿನ್. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಬ್ರಿಟನ್ ತನ್ನ ವಿಮಾನಗಳಿಗೆ ಫ್ರಾನ್ಸಿನ ಎಂಜಿನ್‌ಗಳನ್ನೇ ನೆಚ್ಚಿಕೊಂಡಿತ್ತು. ನೋಮ್, ಲ ರೋನ್, ರೆನೋ. ಇನ್ನೂ ಕೆಟ್ಟ ಸುದ್ದಿ ಎಂದರೆ ಮ್ಯಾಗ್ನೆಟೊ. ಎಂಜಿನ್ನಿಗೆ ಕಿಡಿ ಕೊಡುವ ಈ ಸಣ್ಣ ಭಾಗ ಬಹುತೇಕ ಬರುತ್ತಿದ್ದದ್ದು ಜರ್ಮನಿಯ ಬಾಷ್ ಕಂಪನಿಯಿಂದ! ಶತ್ರುವಿನ ಮನೆಯಿಂದ. ಜಗತ್ತಿಗೆಲ್ಲ ಹಬೆ ಎಂಜಿನ್, ಹಡಗು, ರೈಲು ಮಾರಿದ ದೇಶ ಒಂದು ಮ್ಯಾಗ್ನೆಟೊಗಾಗಿ ಪರದಾಡಿತು.

ನೋಮ್ ಎಂಜಿನ್ ಬಲು ವಿಚಿತ್ರ. ನಮ್ಮ ಗಾಡಿಗಳಲ್ಲಿ ಸಿಲಿಂಡರ್ ಸುಮ್ಮನೆ ನಿಂತಿರುತ್ತದೆ, ಕ್ರ್ಯಾಂಕ್, ಅಂದರೆ ಎಂಜಿನ್ನಿನ ನಡುವಿನ ದಂಡ, ತಿರುಗುತ್ತದೆ. ಇದರಲ್ಲಿ ಕ್ರ್ಯಾಂಕನ್ನು ವಿಮಾನಕ್ಕೆ ಬಿಗಿದು ಕೂರಿಸಿ, ಸಿಲಿಂಡರುಗಳೇ ಪ್ರೊಪೆಲ್ಲರಿನ ಜೊತೆ ಗರಗರ ತಿರುಗುತ್ತಿದ್ದವು. ಹಾಗೆ ತಿರುಗುವುದರಿಂದ ತಂಪಾಗಿಯೂ ಇರುತ್ತಿದ್ದವು, ಎಂಜಿನ್ ಹಗುರವೂ ಆಯಿತು. ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್ ಕೋಣೆಯ ಮೂಲಕವೇ ಹೋಗಬೇಕಿತ್ತು. ಮಾಮೂಲಿ ಖನಿಜ ಎಣ್ಣೆ ಹಾಕಿದರೆ ಪೆಟ್ರೋಲ್ ಅದನ್ನು ತೊಳೆದುಬಿಡುತ್ತದೆ. ಪೆಟ್ರೋಲಿಗೆ ಸುಲಭಕ್ಕೆ ಕರಗದ ಎಣ್ಣೆ ಯಾವುದು? ನಮ್ಮ ಹರಳೆಣ್ಣೆ. ಅಜ್ಜಿಯರು ಹೊಟ್ಟೆ ಶುದ್ಧಿಗೆ ಕುಡಿಸುತ್ತಿದ್ದರಲ್ಲ, ಅದೇ. ಹರಳು ಬೆಳೆದು ಹೊರಗೆ ಕಳಿಸುವ ದೇಶಗಳಲ್ಲಿ ಆಗಲೂ ಭಾರತ ದೊಡ್ಡದು. ಎಂಜಿನ್‌ಗೆ ಹೋದ ಎಣ್ಣೆ ಮತ್ತೆ ಟ್ಯಾಂಕಿಗೆ ಬರುತ್ತಿರಲಿಲ್ಲ. ಸುಟ್ಟ ಹೊಗೆಯೊಡನೆ ಹೊರಗೆ ಚಿಮ್ಮುತ್ತಿತ್ತು. ಹಿಂದೆ ಕೂತ ಪೈಲಟ್ಟಿನ ಮುಖಕ್ಕೆ, ಮೂಗಿಗೆ, ಬಾಯಿಗೆ. ಪರಿಣಾಮ ಏನಾಗುತ್ತಿತ್ತು ಅಂತ ನಿಮ್ಮ ಅಜ್ಜಿಯನ್ನು ಕೇಳಿದರೆ ಹೇಳುತ್ತಾರೆ. ವೀರಗಾಥೆಗಳಲ್ಲಿ ಈ ಭಾಗವನ್ನು ಜಾಸ್ತಿ ಬರೆಯುವುದಿಲ್ಲ.

ಬ್ರಿಟಿಷರದೇ ಒಳ್ಳೆಯ ಎಂಜಿನ್ ಬರಲಿಲ್ಲವಾ ಅಂದರೆ, ಬಂತು. ರೋಲ್ಸ್-ರಾಯ್ಸ್ 1915ರಲ್ಲಿ ಈಗಲ್ ತಂದಿತು, ಅತ್ಯುತ್ತಮ ಎಂಜಿನ್. ಆದರೆ ಬೇರೆ ಕಂಪನಿಗಳಿಗೆ ಡ್ರಾಯಿಂಗ್ ಕೊಟ್ಟು ಮಾಡಿಸಲು ಅವರು ಒಪ್ಪಲಿಲ್ಲ. ಗುಣಮಟ್ಟ ಕೆಡುತ್ತದೆ ಅನ್ನುವುದು ಅವರ ಅಳುಕು. ಅದರಲ್ಲಿ ಅರ್ಥವಿತ್ತು, ಆದರೆ ಎಂಜಿನ್ ಸಾಕಾಗಲಿಲ್ಲ. ಆಗ ಕಾರು ಮಾರುತ್ತಿದ್ದ ಬೆಂಟ್ಲಿ ಫ್ರೆಂಚರ ಕ್ಲರ್ಜೆ ಎಂಜಿನ್ನಿನ ದೋಷ ನೋಡಿ, ಅಲ್ಯುಮಿನಿಯಂ ಬಳಸಿ ಬಿಆರ್-1 ಎಂಜಿನ್ ರೂಪಿಸಿದ. ಅದೂ ಚೆನ್ನಾಗಿತ್ತು.

ಆಮೇಲೆ ಡ್ರ್ಯಾಗನ್‌ಫ್ಲೈ. ಎಂಜಿನಿಯರಿಂಗ್ ಓದುವ ಮಕ್ಕಳು ಯಾರಾದರೂ ಇದ್ದರೆ ಇದನ್ನು ಗಮನವಿಟ್ಟು ಕೇಳಿ. ಎಬಿಸಿ ಎಂಬ ಸಣ್ಣ ಕಂಪನಿಯ ಗ್ರ್ಯಾನ್ವಿಲ್ ಬ್ರ್ಯಾಡ್‌ಶಾ ಒಂದು ಎಂಜಿನ್ ತೋರಿಸಿದ. ಒಂಬತ್ತು ಸಿಲಿಂಡರ್, ಗಾಳಿಯಿಂದ ತಂಪು, ಹಗುರ, 300 ಅಶ್ವಶಕ್ತಿಗೂ ಮೇಲೆ ಕೊಡುತ್ತದೆ ಅನ್ನುವ ಮಾತು. ತಯಾರಿಸುವುದೂ ಸುಲಭ. ಸರ್ಕಾರ ಮರುಳಾಯಿತು. ಸರಿಯಾಗಿ ಪರೀಕ್ಷೆ ಮುಗಿಯುವ ಮೊದಲೇ, 1918ರಲ್ಲಿ, 11,000ಕ್ಕೂ ಹೆಚ್ಚು ಎಂಜಿನ್‌ಗೆ ಆರ್ಡರ್. ಹನ್ನೆರಡಕ್ಕೂ ಹೆಚ್ಚು ಕಂಪನಿಗಳು ಬೇರೆ ಎಂಜಿನ್ ಬದಿಗಿಟ್ಟು ಇದಕ್ಕೆ ಯಂತ್ರ ಹೊಂದಿಸಿದವು. ಹೊಸ ಯುದ್ಧವಿಮಾನಗಳನ್ನೆಲ್ಲ ಇದಕ್ಕೆ ತಕ್ಕಂತೆ ರೂಪಿಸಿದರು. ಎಂಜಿನ್ ಬಂತು. ಹೇಳಿದ್ದಕ್ಕಿಂತ ಭಾರ, ಹೇಳಿದ್ದಕ್ಕಿಂತ ಬಲ ಕಡಿಮೆ. ಉಕ್ಕಿನ ಸಿಲಿಂಡರಿನ ಸುತ್ತ ಬಿಸಿ ಆರಲು ಇರುವ ತೆಳು ಪಟ್ಟಿಗಳಿಗೆ ತಾಮ್ರ ಲೇಪಿಸಿದರೆ ತಂಪಾಗುತ್ತದೆ ಅಂತ ಬ್ರ್ಯಾಡ್‌ಶಾ ನಂಬಿದ್ದ. ಆಗಲಿಲ್ಲ, ಕೆಂಡದಂತೆ ಕಾಯುತ್ತಿತ್ತು. ಅದಕ್ಕಿಂತ ಮುಖ್ಯ ಇನ್ನೊಂದು. ಪ್ರತಿಯೊಂದು ಕ್ರ್ಯಾಂಕ್‌ಶಾಫ್ಟಿಗೂ ಅದರದೇ ಒಂದು ಕಂಪನದ ವೇಗ ಇರುತ್ತದೆ. ಆ ವೇಗದಲ್ಲಿ ಓಡಿಸಿದರೆ ನಡುಗಿ ನಡುಗಿ ಮುರಿಯುತ್ತದೆ. ಡ್ರ್ಯಾಗನ್‌ಫ್ಲೈ ಓಡಬೇಕಾದ ವೇಗವೂ ಅದೇ ಆಗಿತ್ತು. ಕೆಲವೇ ಗಂಟೆಗಳಲ್ಲಿ ಶಾಫ್ಟ್ ಮುರಿಯುತ್ತಿತ್ತು. ಆ ಕಾಲಕ್ಕೆ ಈ ವಿದ್ಯೆ ಪೂರ್ತಿ ಬೆಳೆದಿರಲಿಲ್ಲ, ಅದನ್ನು ಒಪ್ಪೋಣ. ಆದರೆ ಒಂದೇ ಎಂಜಿನ್ನಿನ ಮೇಲೆ ಎಲ್ಲವನ್ನೂ ಕಟ್ಟಿದ್ದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. 1918ರ ನವೆಂಬರಿನಲ್ಲಿ ಯುದ್ಧ ನಿಂತದ್ದರಿಂದ ಮಾನ ಉಳಿಯಿತು. ಯುದ್ಧ 1919ಕ್ಕೂ ಹೋಗಿದ್ದರೆ ಬ್ರಿಟಿಷ್ ವಾಯುಪಡೆಯ ಗತಿ ಏನಾಗುತ್ತಿತ್ತೋ.

ಯುದ್ಧ ಮುಗಿದ ಹೊತ್ತಿಗೆ ಈ ಉದ್ಯಮದಲ್ಲಿ ಸುಮಾರು 3,47,000 ಜನ ಇದ್ದರು. ಹತ್ತು ವರ್ಷದ ಹಿಂದೆ ಮೂರು ಜನ ಸೋದರರು 600 ಪೌಂಡ್ ಹಾಕಿದ್ದು ನೆನಪಿದೆಯಲ್ಲ. ಈಗ ಆರ್ಡರುಗಳು ಒಂದೇ ಏಟಿಗೆ ರದ್ದು. ಮಿಕ್ಕ ಸಾವಿರಾರು ವಿಮಾನ, ಎಂಜಿನ್‌ಗಳನ್ನು ಸರ್ಕಾರ ಒಂದು ವಿಲೇವಾರಿ ಕಂಪನಿಗೆ ಮಾರಿತು. ಹಳೇದು ಅಗ್ಗಕ್ಕೆ ಸಿಗುವಾಗ ಹೊಸದನ್ನು ಯಾರು ಕೊಳ್ಳುತ್ತಾರೆ? ಮೇಲಿಂದ ಯುದ್ಧಕಾಲದ ಲಾಭಕ್ಕೆ ತೆರಿಗೆ ನೋಟೀಸು. 1920ರಲ್ಲಿ ಕಂಪನಿಯ ಯಜಮಾನ ಸಾಪ್‌ವಿತ್ ತಾನೇ ಬಾಗಿಲು ಹಾಕಿ, ಸಾಲಗಾರರ ಲೆಕ್ಕ ತೀರಿಸಿ, ತನ್ನ ಟೆಸ್ಟ್ ಪೈಲಟ್ ಹ್ಯಾರಿ ಹಾಕರ್ ಹೆಸರಿನಲ್ಲಿ ಸಣ್ಣ ಕಂಪನಿ ಮಾಡಿ ಮೋಟರ್‌ಸೈಕಲ್ ತಯಾರಿಸಿದ. ಮುಂದೆ ಹರಿಕೇನ್ ಯುದ್ಧವಿಮಾನ ಕಟ್ಟಿದ್ದು ಇದೇ ಹಾಕರ್ ಕಂಪನಿ.

ನಾಗರಿಕ ವಿಮಾನಯಾನ ಶುರುವಾದದ್ದು ಈ ಅವಶೇಷಗಳ ಮೇಲೆಯೇ. 1919ರ ಆಗಸ್ಟ್ 25ರಂದು ಲಂಡನ್ನಿನ ಹೌನ್‌ಸ್ಲೋ ಬಯಲಿನಿಂದ ಪ್ಯಾರಿಸ್ಸಿಗೆ ದಿನನಿತ್ಯದ ಸೇವೆ ಶುರುವಾಯಿತು. ವಿಮಾನ ಡಿಎಚ್-4ಎ, ಬಾಂಬರಿನ ಹಿಂದಿನ ಸೀಟಿನ ಜಾಗಕ್ಕೆ ಮುಚ್ಚಳದ ಕೋಣೆ ಮಾಡಿದ್ದು. ಮೊದಲ ದಿನ ಬೆಳಿಗ್ಗೆ ಹೋದದ್ದು ಒಬ್ಬ ಪತ್ರಕರ್ತ, ಒಂದಷ್ಟು ಚರ್ಮ, ಬೇಟೆಯ ಹಕ್ಕಿಗಳು ಮತ್ತು ಡೆವನ್ ಕೆನೆಯ ಜಾಡಿಗಳು. ಟಿಕೆಟ್ 20 ಗಿನಿ, ಅಂದರೆ 21 ಪೌಂಡ್. ಅಷ್ಟು ದುಡ್ಡು ಕೊಡುವವರು ಎಷ್ಟು ಜನ? 1920ರ ಕೊನೆಗೆ ಈ ಸೇವೆ ನಡೆಸುತ್ತಿದ್ದ ಕಂಪನಿ ಮುಚ್ಚಿತು. ಅದರ ಒಡನಾಡಿ ಏರ್‌ಕೊ ಕಾರ್ಖಾನೆ, ಯುದ್ಧದ ಕೊನೆಗೆ ಜಗತ್ತಿನಲ್ಲೇ ದೊಡ್ಡದು ಅನ್ನಿಸಿಕೊಂಡದ್ದು, ಅದೇ ವರ್ಷ ಮಾರಾಟವಾಗಿ ಮುಗಿದುಹೋಯಿತು.

ಅಲ್ಲಿಂದ ಕೆಲಸ ಬಿಟ್ಟು ಬಂದವನು ಫಾರ್ನ್‌ಬರೊದ ಅದೇ ಡಿ ಹ್ಯಾವಿಲೆಂಡ್. ಸ್ಟ್ಯಾಗ್ ಲೇನ್‌ನಲ್ಲಿ ಸಣ್ಣ ಶೆಡ್ಡಿನಲ್ಲಿ ತನ್ನದೇ ಕಂಪನಿ ಹಾಕಿದ. 1925ರಲ್ಲಿ ಮಾತ್ ಎಂಬ ಸಣ್ಣ ವಿಮಾನ ತಂದ. ಇದರ ಎಂಜಿನ್ನಿನ ಕಥೆ ಕೇಳಿ. ವಿಲೇವಾರಿ ಕಂಪನಿಯಲ್ಲಿ ಎಂಟು ಸಿಲಿಂಡರಿನ ರೆನೋ ಎಂಜಿನ್‌ಗಳು ರಾಶಿ ಬಿದ್ದಿದ್ದವು. ಫ್ರ್ಯಾಂಕ್ ಹಾಲ್ಫರ್ಡ್ ಅದರ ಅರ್ಧ ತೆಗೆದುಕೊಂಡು, ನಾಲ್ಕು ಸಿಲಿಂಡರಿನ ಸಿರಸ್ ಎಂಜಿನ್ ಮಾಡಿದ. ಭಾಗಗಳು ಗುಜರಿ ಬೆಲೆಗೆ ಸಿಕ್ಕವು. ವಿಮಾನ ಮಧ್ಯಮ ಶ್ರೀಮಂತರ ಕೈಗೆಟುಕಿತು. ಊರೂರಲ್ಲಿ ಫ್ಲೈಯಿಂಗ್ ಕ್ಲಬ್‌ಗಳು ಬೆಳೆದವು.

ಅದೇ ಕಂಪನಿಯ ಪುಸ್ ಮಾತ್ ವಿಮಾನದಲ್ಲಿ 1932ರ ಅಕ್ಟೋಬರ್ 15ರಂದು ಜೆಆರ್‌ಡಿ ಟಾಟಾ ಕರಾಚಿಯಿಂದ ಅಹಮದಾಬಾದಿನ ಮೇಲೆ ಬೊಂಬಾಯಿಗೆ ಅಂಚೆ ತಂದರು. ಅಲ್ಲಿಂದ ಮುಂದೆ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಭಾರತದ ಮೊದಲ ಟಾಟಾ ಅಂಚೆ ವಿಮಾನದ ದಾರಿಯಲ್ಲಿ ದಿಲ್ಲಿ ಇರಲಿಲ್ಲ, ಬೆಂಗಳೂರು ಇರಲಿಲ್ಲ, ಬಳ್ಳಾರಿ ಇತ್ತು.

ಇಷ್ಟು ಸಾಕು. ಪ್ರಶ್ನೆ ಇದ್ದರೆ ಕೇಳಿ.

ಪ್ರಶ್ನೆ: ಲೋಹದ ವಿಮಾನ ಯಾಕೆ ಬೇಗ ಬರಲಿಲ್ಲ?

ಪ್ರಯತ್ನ ನಡೆಯಿತು. ಶಾರ್ಟ್ ಸೋದರರು 1920ರಲ್ಲೇ ಡ್ಯುರಾಲ್ಯುಮಿನ್ ಎಂಬ ಅಲ್ಯುಮಿನಿಯಂ ಮಿಶ್ರಲೋಹದ ತಗಡಿನಿಂದ ಸಿಲ್ವರ್ ಸ್ಟ್ರೀಕ್ ವಿಮಾನ ಕಟ್ಟಿ ಲಂಡನ್ನಿನ ಒಲಿಂಪಿಯಾದಲ್ಲಿ ಪ್ರದರ್ಶನಕ್ಕಿಟ್ಟರು. ಅಧಿಕಾರಿಗಳಿಗೆ ನಂಬಿಕೆ ಬರಲಿಲ್ಲ. ತುಕ್ಕು ಹಿಡಿದರೆ, ಒಳಗೇ ಬಿರುಕು ಬಿಟ್ಟರೆ ಅನ್ನುವ ಭಯ. ಅದೂ ಅಲ್ಲದೆ ಬಡಗಿಗಳು ಇದ್ದರು, ಮರಗೆಲಸಕ್ಕೆ ಬೇಕಾದ ಉಪಕರಣ ಇತ್ತು. ಲೋಹಕ್ಕೆ ಹೊಸ ಪ್ರೆಸ್ಸು, ಹೊಸ ಅಚ್ಚು, ಹೊಸ ಕೈ ಬೇಕು. ಆರ್ಡರೇ ಇಲ್ಲದ ಕಾಲದಲ್ಲಿ ಅದಕ್ಕೆ ದುಡ್ಡು ಹಾಕುವವರು ಯಾರು?

ಪ್ರಶ್ನೆ: ನಮ್ಮ ಎಚ್‌ಎಎಲ್‌ಗೂ ಇವರಿಗೂ ಸಂಬಂಧ ಇದೆಯಾ?

ಚೆನ್ನಾಗಿಯೇ ಇದೆ. ಎಚ್‌ಎಎಲ್ 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಶುರು ಮಾಡಿದ್ದು, ಮೈಸೂರು ಸರ್ಕಾರವೂ ಕೈಜೋಡಿಸಿತ್ತು. ಆಗ ಅಮೆರಿಕದ ನಂಟು ಜಾಸ್ತಿ. ಸ್ವಾತಂತ್ರ್ಯ ಬಂದ ಮೇಲೆ ಬ್ರಿಟಿಷ್ ಕಂಪನಿಗಳ ಲೈಸೆನ್ಸಿನಲ್ಲಿ ಕೆಲಸ ಶುರುವಾಯಿತು. ಪರ್ಸಿವಲ್ ಪ್ರೆಂಟಿಸ್ ತರಬೇತಿ ವಿಮಾನ, ಆಮೇಲೆ ಡಿ ಹ್ಯಾವಿಲೆಂಡ್ ವ್ಯಾಂಪೈರ್. ಟ್ರ್ಯಾಮ್ ಶೆಡ್ಡಿನಲ್ಲಿ ಹುಟ್ಟಿದ ಬ್ರಿಸ್ಟಲ್ ಕಂಪನಿಯ ಎಂಜಿನ್ ವಿಭಾಗ ರೂಪಿಸಿದ ಆರ್ಫಿಯಸ್ ಎಂಜಿನ್ ಬೆಂಗಳೂರಿನಲ್ಲಿ ತಯಾರಾಯಿತು. 1961ರ ಜೂನ್ 17ರಂದು ಬೆಂಗಳೂರಿನ ಮೇಲೆ ಮೊದಲ ಸಲ ಹಾರಿದ ನಮ್ಮದೇ ಮಾರುತ್ ವಿಮಾನದಲ್ಲಿ ಇದ್ದದ್ದೂ ಆರ್ಫಿಯಸ್ಸೇ.

ಮರದ ವಿಷಯ ಬಂತಲ್ಲ, ಅದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. ವ್ಯಾಂಪೈರ್ ಜೆಟ್ ವಿಮಾನ. ಆದರೆ ಪೈಲಟ್ ಕೂರುವ ಅದರ ಒಡಲು ಲೋಹದ್ದಲ್ಲ. ಎರಡು ಪದರ ಪ್ಲೈವುಡ್, ನಡುವೆ ಬಾಲ್ಸಾ ಮರ, ಅಂಟು ಹಾಕಿ ಒತ್ತಿದ್ದು. ಡಿ ಹ್ಯಾವಿಲೆಂಡ್ ಮನೆಯವರು ಜೆಟ್ ಕಾಲಕ್ಕೆ ಬಂದರೂ ಬಡಗಿಯನ್ನು ಬಿಟ್ಟಿರಲಿಲ್ಲ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂ ನೋಡಿಲ್ಲದವರು ಒಮ್ಮೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಮಾರುತ್ ಮುಂದೆ ನಿಲ್ಲಿಸಿ ಎಂಜಿನ್ ಯಾರದು ಅಂತ ಕೇಳಿ.